ಸೊನ್ನೆಯೂ ಒಂದು ಸುದ್ದಿ

ಕೇಂದ್ರ ಸರ್ಕಾರದ ಯಾವ ಕಚೇರಿಯಲ್ಲಾದರೂ ಹತ್ತು ವರ್ಷ ಮೇಜಿನ ಮುಂದೆ ಕುಳಿತವರಿಗೆ 'ನಿಲ್ ರಿಪೋರ್ಟ್' ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮೇಲಿನ ಕಚೇರಿಯಿಂದ ಒಂದು ಪತ್ರ ಬರುತ್ತದೆ: ಕಳೆದ ಮೂರು ತಿಂಗಳಲ್ಲಿ ನಿಮ್ಮಲ್ಲಿ ಇಂಥಿಂಥ ಪ್ರಕರಣಗಳು ಎಷ್ಟು? ನಮ್ಮಲ್ಲಿ ಒಂದೂ ಇಲ್ಲ. ಇಲ್ಲವೆಂದ ಮೇಲೆ ಬರೆಯುವುದೇನಿದೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಪತ್ರವನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಾರೆ. ಹದಿನೈದು ದಿನಕ್ಕೆ ಒಂದು ಜ್ಞಾಪನ ಪತ್ರ, ತಿಂಗಳಿಗೆ ಇನ್ನೊಂದು, ಆಮೇಲೆ ಸೂಪರಿಂಟೆಂಡೆಂಟರ ಮೇಜಿನ ಫೋನು. ಪ್ರಕರಣ ಇಲ್ಲವಾದರೆ 'ಇಲ್ಲ' ಎಂದೇ ಬರೆದು, ಸಹಿ ಹಾಕಿ, ತಾರೀಖು ಹಾಕಿ ಕಳುಹಿಸತಕ್ಕದ್ದು. ಖಾಲಿ ಬಿಟ್ಟ ಕಾಲಮ್ಮಿಗೆ ನಮ್ಮಲ್ಲಿ ಅರ್ಥವಿಲ್ಲ. ಚಹಾದ ಹೊತ್ತಿನಲ್ಲಿ ಇದನ್ನು ಕುರಿತು ನಗೆಯಾಡದ ಗುಮಾಸ್ತನನ್ನು ನಾನು ಕಂಡಿಲ್ಲ. ಆದರೆ ಕಳೆದ ಕೆಲವು ಮಳೆಗಾಲಗಳಲ್ಲಿ ಎರಡು ಪುಟ್ಟ ಯಂತ್ರಗಳ ಚಾಕರಿ ಮಾಡಿದ ಮೇಲೆ, ನಿಲ್ ರಿಪೋರ್ಟನ್ನು ಮೊದಲು ಯೋಚಿಸಿದ ಪುಣ್ಯಾತ್ಮ ಯಾರೇ ಇರಲಿ, ಅವನ ಬಗ್ಗೆ ನನಗೆ ಗೌರವ ಹುಟ್ಟಿದೆ.

ನಾವಿರುವ ಹೌಸಿಂಗ್ ಸೊಸೈಟಿ ಪುಣೆಯ ದಕ್ಷಿಣದ ಕಡೆ, ಒಂದು ಓಢಾದ ಪಕ್ಕದಲ್ಲಿದೆ. ಓಢಾ ಎಂದರೆ ನಮ್ಮ ಕಡೆಯ ಹಳ್ಳ. ವರ್ಷದಲ್ಲಿ ಎಂಟು ತಿಂಗಳು ಅದರಲ್ಲಿ ನೀರಿಗಿಂತ ಪ್ಲಾಸ್ಟಿಕ್ ಚೀಲಗಳೇ ಹೆಚ್ಚು. ಮಕ್ಕಳ ಚೆಂಡು ಬಿದ್ದರೆ ಇಳಿದು ತರಬಹುದು. 2019ರ ಸೆಪ್ಟೆಂಬರ್ 25ರ ರಾತ್ರಿ, ಉತ್ತರೆ ಮಳೆಯ ಕೊನೆಯ ದಿನಗಳಲ್ಲಿ, ಈ ಭಾಗದ ಹಳ್ಳಗಳು ಒಮ್ಮೆಗೇ ಉಕ್ಕಿದವು. ಆಂಬಿಲ್ ಓಢಾದ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಪುಣೆಯ ಓದುಗರು ಮರೆತಿರಲಾರರು. ನಗರದಲ್ಲೂ ಸುತ್ತಮುತ್ತಲೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮದು ಅದಕ್ಕಿಂತ ಚಿಕ್ಕ ಹಳ್ಳವಾದ್ದರಿಂದ ಪ್ರಾಣಹಾನಿಯಾಗಲಿಲ್ಲ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಎದೆಮಟ್ಟ ನೀರು ನಿಂತಿತು, ಕೆಳಗಿನ ಎರಡು ಮನೆಗಳಲ್ಲಿ ಮಂಚದವರೆಗೆ ಬಂತು. ಆ ರಾತ್ರಿ ಕಾವಲಿದ್ದ ವಾಚ್‌ಮನ್ ಎಚ್ಚರವಾಗಿಯೇ ಇದ್ದ. ಆದರೆ ಕರೆಂಟು ಹೋಗಿತ್ತು, ಕತ್ತಲು, ತಗಡಿನ ಮೇಲೆ ಮಳೆಯ ಸದ್ದು. ಹಳ್ಳದ ಸದ್ದು ಬೇರೆಯಾಗಿ ಕೇಳಿಸುವ ಹೊತ್ತಿಗೆ ನೀರು ಗೇಟಿನೊಳಗೆ ಬಂದಾಗಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಸೊಸೈಟಿಯವರು ವರ್ಗಣಿ ಎತ್ತಿ ಎರಡು ಯಂತ್ರ ತರಿಸಿದರು. ಒಂದು, ಟೆರೇಸಿನ ಮೇಲಿನ ಮಳೆಮಾಪಕ. ಇನ್ನೊಂದು, ಹಳ್ಳದ ಮೇಲಿನ ಕಾಲುಸೇತುವೆಗೆ ಕಟ್ಟಿದ ನೀರಿನ ಮಟ್ಟದ ಸೆನ್ಸರು. ಎರಡೂ ಸೆಲ್ಲಿನ ಮೇಲೆ ನಡೆಯುವಂಥವು, ತಂತಿ ಇಲ್ಲದೆ ರೇಡಿಯೋ ಅಲೆಗಳ ಮೂಲಕ ಸುದ್ದಿ ಕಳುಹಿಸುವಂಥವು. ಸುದ್ದಿ ಹಿಡಿಯುವ ರಿಸೀವರ್ ಪೆಟ್ಟಿಗೆ ವಾಚ್‌ಮನ್ನನ ಕೋಣೆಯ ಗೋಡೆಯ ಮೇಲೆ. ಇವುಗಳ ಉಸ್ತುವಾರಿ ಯಾರದು ಎಂಬ ಪ್ರಶ್ನೆ ಕಮಿಟಿ ಸಭೆಯಲ್ಲಿ ಬಂದಾಗ ಸೆಕ್ರೆಟರಿ ಸಾಹೇಬರು ನನ್ನ ಕಡೆ ತಿರುಗಿ, "ತುಮ್ಹೀ ಬೀಎಸ್ಸಿ ನಾ?" ಎಂದರು. ಇಪ್ಪತ್ತು ವರ್ಷಗಳಿಗೂ ಹಿಂದೆ ಓದಿದ ಬಿಎಸ್ಸಿ, ಕಚೇರಿಯ ಬಿಲ್ಲುಗಳ ನಡುವೆ ಒಂದು ದಿನವೂ ಕೆಲಸಕ್ಕೆ ಬಾರದ್ದು, ಹೀಗೆ ಟೆರೇಸಿನ ಮೇಲೆ ಕೆಲಸಕ್ಕೆ ಬಂತು.

ಯಂತ್ರಗಳ ಒಳಗುಟ್ಟು ಬಹಳ ಸರಳ. ಮಳೆಮಾಪಕದ ಮೇಲೆ ಒಂದು ಆಲಿಕೆ. ಅದರ ಬಾಯಿ 200 ಚದರ ಸೆಂಟಿಮೀಟರ್. ಆಲಿಕೆಯ ಕೆಳಗೆ ಮಕ್ಕಳ ಏರಿಳಿ ಹಲಗೆಯ ಹಾಗೆ ತೂಗುವ ಜೋಡಿ ಬಟ್ಟಲು. ಒಂದು ಬಟ್ಟಲಿನಲ್ಲಿ 4 ಮಿಲಿಲೀಟರ್ ನೀರು ತುಂಬಿದೊಡನೆ ಅದು ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಬಟ್ಟಲು ಆಲಿಕೆಯ ಕೆಳಗೆ ಬರುತ್ತದೆ. ಬಟ್ಟಲಿಗೆ ಅಂಟಿಸಿದ ಪುಟ್ಟ ಅಯಸ್ಕಾಂತ ಪ್ರತಿಸಲ ಬಾಗುವಾಗ ಒಂದು ಗಾಜಿನ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಒಂದು ಬಾಗು ಎಂದರೆ 0.2 ಮಿಲಿಮೀಟರ್ ಮಳೆ. ಹಳ್ಳದ ಸೆನ್ಸರಿನದು ಬಾವಲಿಯ ವಿದ್ಯೆ. ಕಿವಿಗೆ ಕೇಳಿಸದ ಸದ್ದನ್ನು ಕೆಳಕ್ಕೆ ಕಳುಹಿಸಿ, ಅದು ನೀರಿಗೆ ತಾಗಿ ಮರಳುವ ಹೊತ್ತನ್ನು ಲೆಕ್ಕ ಹಾಕುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಳ್ಳ ಒಣಗಿ ತಳ 3 ಮೀಟರ್ ಕೆಳಗಿದ್ದರೆ ಮಾರ್ದನಿ ಮರಳಲು ಸೆಕೆಂಡಿನ ಸಾವಿರದಲ್ಲಿ ಹದಿನೆಂಟು ಪಾಲು ಬೇಕು. ನೀರು ಏರಿದಷ್ಟೂ ಬೇಗ ಮರಳುತ್ತದೆ. ಇಷ್ಟನ್ನು ಮಾಡಿ ಎರಡೂ ಯಂತ್ರಗಳು ಮತ್ತೆ ನಿದ್ದೆ ಹೋಗುತ್ತವೆ. ನಿದ್ದೆಯಲ್ಲಿ ಅವು ಕುಡಿಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಎದ್ದು ಸುದ್ದಿ ಕಳುಹಿಸುವ ಆ ಕ್ಷಣದಲ್ಲಿ ಮಾತ್ರ ಸಾವಿರಾರು ಪಟ್ಟು ಹೆಚ್ಚು. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ತಿಂಗಳುಗಟ್ಟಲೆ ನಡೆಯುವ ರಹಸ್ಯ ಈ ನಿದ್ದೆಯೇ.

ಇಂಥ ಯಂತ್ರವನ್ನು ತಂದು ಕಟ್ಟುವುದು ಅರ್ಧ ದಿನದ ಕೆಲಸ. ಅದು ಹೇಳಿದ್ದನ್ನು ನಂಬುವಂತೆ ಇಟ್ಟುಕೊಳ್ಳುವುದು ಮಾತ್ರ ಮುಗಿಯುವ ಕೆಲಸವಲ್ಲ.

ಮೊದಲ ವರ್ಷದ ಜೂನ್ ತಿಂಗಳಿನಲ್ಲೇ ಇದರ ರುಚಿ ಸಿಕ್ಕಿತು. ಹೊರಗೆ ಸುರಿಯುತ್ತಿರುವ ಮಳೆ, ಪೆಟ್ಟಿಗೆಯ ಪರದೆಯ ಮೇಲೆ 0.0. ವಾಚ್‌ಮನ್ ಬಂದು, "ಸಾಹೇಬ್, ಮಶೀನ್‌ಗೆ ಮಳೆ ಬಂದದ್ದು ಗೊತ್ತಾಗಿಲ್ಲ" ಎಂದ. ಕೊಡೆ ಹಿಡಿದು ಟೆರೇಸಿಗೆ ಹತ್ತಿ ನೋಡಿದರೆ ಆಲಿಕೆಯಲ್ಲಿ ನೀರು ಕಂಠಮಟ್ಟ ನಿಂತಿತ್ತು. ಪಕ್ಕದ ಗುಲ್‌ಮೊಹರ್ ಮರದ ಎಲೆಯನ್ನು ನೀವು ನೋಡಿದ್ದೀರಿ, ಜೀರಿಗೆಗಿಂತ ಸ್ವಲ್ಪ ದೊಡ್ಡದು. ಅಂಥ ನೂರಾರು ಎಲೆಗಳ ಜೊತೆಗೆ ಪಾರಿವಾಳದ ಒಂದು ಪುಕ್ಕ ಸೇರಿ ಆಲಿಕೆಯ ತೂತಿಗೆ ಬಿರಡೆ ಹಾಕಿತ್ತು. ಯಂತ್ರ ಸಾಯಲಿಲ್ಲ, ನಿಮಿಷಕ್ಕೊಮ್ಮೆ ಸುದ್ದಿ ಕಳುಹಿಸುತ್ತಲೇ ಇತ್ತು. ಅದಕ್ಕೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಹೇಳುತ್ತಿತ್ತು: ಬಟ್ಟಲು ಬಾಗಿಲ್ಲ, ಆದ್ದರಿಂದ ಮಳೆ ಇಲ್ಲ.

ಅದಾಗಿ ಮೂರು ವಾರಕ್ಕೆ ಮತ್ತೆ 0.0. ಆಲಿಕೆ ಸ್ವಚ್ಛವಾಗಿತ್ತು. ಈ ಸಲ ಸುದ್ದಿಯೇ ಬರುತ್ತಿರಲಿಲ್ಲ. ಹಿಂದಿನ ಸಂಜೆ ಮಳೆ ಇಲ್ಲದಾಗ ಬಂದ ಕೊನೆಯ ಸೊನ್ನೆಯನ್ನೇ ಪೆಟ್ಟಿಗೆ ರಾತ್ರಿಯಿಡೀ ತೋರಿಸುತ್ತ ಕುಳಿತಿತ್ತು. ಎರಡು ಸಲವೂ ಪರದೆಯ ಮೇಲಿನ ಅಕ್ಷರ ಒಂದೇ, ಅದರ ಹಿಂದಿನ ಸಂಗತಿ ಬೇರೆ ಬೇರೆ. ಮಳೆ ಬರದ ಸೊನ್ನೆ ಒಂದು, ಮಳೆ ಕಾಣದ ಸೊನ್ನೆ ಇನ್ನೊಂದು, ಮಾತೇ ನಿಂತಿರುವ ಸೊನ್ನೆ ಮೂರನೆಯದು. ನಮ್ಮ ಕೆಳಮನೆಯವರ ನಿದ್ದೆ ಇವುಗಳ ವ್ಯತ್ಯಾಸದ ಮೇಲೆ ನಿಂತಿತ್ತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಎರಡು ರಾತ್ರಿ ಓದಿ, ಹತ್ತು ನಿಮಿಷ ಸುದ್ದಿ ಬಾರದಿದ್ದರೆ ಅಂಕಿಯ ಬದಲು ಅಡ್ಡಗೆರೆ ತೋರಿಸುವಂತೆಯೂ, ಕೊನೆಯ ಸುದ್ದಿ ಬಂದ ಗಂಟೆಯನ್ನು ಪರದೆಯ ಮೂಲೆಯಲ್ಲಿ ತೋರಿಸುವಂತೆಯೂ ಬದಲಾಯಿಸಿದೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಯಂತ್ರದಿಂದ ನಿಮಿಷಕ್ಕೊಂದು ನಿಲ್ ರಿಪೋರ್ಟ್ ತರಿಸಿಕೊಳ್ಳುವ ಏರ್ಪಾಟು.

ಸುದ್ದಿ ನಿಂತದ್ದಕ್ಕೆ ಕಾರಣ ಹುಡುಕುವಾಗ ಎಲ್ಲರೂ ಮೊದಲು ಸೆಲ್ಲನ್ನೇ ಬೈಯುತ್ತಾರೆ. ಹಲವು ಸಲ ಅದು ಸರಿಯೇ. ಆದರೆ ಸೆಲ್ಲುಗಳಲ್ಲೂ ಮನುಷ್ಯರಲ್ಲಿ ಇರುವಂತೆ ಸ್ವಭಾವಭೇದ ಉಂಟು. ಮಳೆಮಾಪಕದೊಳಗಿನ ಎರಡು ಪೆನ್ಸಿಲ್ ಸೆಲ್ಲು ಆಲ್ಕಲೈನ್ ಜಾತಿಯವು. ಹೊಸದಾಗಿದ್ದಾಗ ಒಂದೊಂದು ಒಂದೂವರೆ ವೋಲ್ಟಿಗೆ ತುಸು ಮೇಲೆ. ಆಮೇಲೆ ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತವೆ. ಇವು ಕಷ್ಟವನ್ನು ಮೊದಲೇ ಹೇಳಿಕೊಳ್ಳುವ ಜನ. ಒಂದೇ ತೊಡಕೆಂದರೆ ಸುಮ್ಮನೆ ಮೀಟರ್ ಹಿಡಿದರೆ ದಣಿದ ಸೆಲ್ಲೂ 1.4 ತೋರಿಸಿ ಮರ್ಯಾದೆ ಉಳಿಸಿಕೊಳ್ಳುತ್ತದೆ. ಟಾರ್ಚಿನ ಪುಟ್ಟ ಬಲ್ಬೊಂದನ್ನು ಜೋಡಿಸಿ, ಅದು ಉರಿಯುತ್ತಿರುವಾಗ ಅಳೆದರೆ ನಿಜ ಹೊರಬೀಳುತ್ತದೆ. ಯಂತ್ರ ನಿದ್ದೆಯಲ್ಲಿದ್ದಾಗ ಸಾಕಾಗುವ ಸೆಲ್ಲು, ಅದು ಎದ್ದು ಕೂಗುವ ಕ್ಷಣದಲ್ಲಿ ಕುಸಿಯುವುದೂ ಇದೇ ಕಾರಣಕ್ಕೆ. ಡಿಸೆಂಬರಿನಲ್ಲಿ ಪುಣೆಯ ಮುಂಜಾನೆ ಹತ್ತು ಡಿಗ್ರಿಗೆ ಇಳಿದಾಗ ಸುದ್ದಿ ತಪ್ಪಿ, ಬಿಸಿಲೇರಿದ ಮೇಲೆ ಮತ್ತೆ ಬರತೊಡಗಿದರೆ, ಸೆಲ್ಲಿನ ಆಯುಸ್ಸು ಮುಗಿಯಿತೆಂದು ತಿಳಿಯಬಹುದು. ಚಳಿಗೆ ಅದರೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ.

ಹಳೆಯದೊಂದು ಹೊಸದೊಂದು ಸೆಲ್ಲು ಸೇರಿಸಿ ಹಾಕುವುದು ಮನೆಮನೆಯಲ್ಲೂ ಇರುವ ಉಳಿತಾಯ. ಇದು ಕೂಡದು. ಸಾಲಿನಲ್ಲಿ ಕೂತ ಬಲವಾದ ಸೆಲ್ಲು, ಬರಿದಾದದ್ದರ ಮೂಲಕವೂ ಬಲವಂತವಾಗಿ ವಿದ್ಯುತ್ತು ಹರಿಸುತ್ತದೆ. ಬರಿದಾದದ್ದು ಉಬ್ಬಿ ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟುವಾದ ಕ್ಷಾರ. ಗಾಳಿಗೆ ಅದು ಬಿಳಿಯ ಹುಡಿಯಾಗಿ ತಗಡಿನ ಸ್ಪ್ರಿಂಗನ್ನು ತಿನ್ನುತ್ತದೆ. ಕ್ಷಾರಕ್ಕೆ ಆಮ್ಲ ಮದ್ದು ಎಂಬುದು ಹೈಸ್ಕೂಲಿನ ಪಾಠ. ಹತ್ತಿಗೆ ನಾಲ್ಕು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಸ್ಪ್ರಿಂಗ್ ಮತ್ತೆ ಹೊಳೆಯುತ್ತದೆ. ಕೈಗೆ ತಾಗದಂತೆ ನೋಡಿಕೊಂಡರಾಯಿತು.

ಹಳ್ಳದ ಸೆನ್ಸರಿನ ಲಿಥಿಯಂ ಸೆಲ್ಲು ಇನ್ನೊಂದು ಬಗೆಯದು. 3.6 ವೋಲ್ಟಿನಿಂದ ಶುರುಮಾಡಿ ವರ್ಷಗಟ್ಟಲೆ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತದೆ, ಕೊನೆಯ ದಿನಗಳಲ್ಲಿ ಸರ್ರನೆ ಬೀಳುತ್ತದೆ. ಕೆಲವು ಹಿರಿಯರಿರುತ್ತಾರಲ್ಲ, 'ನನಗೇನಾಗಿದೆ, ಚೆನ್ನಾಗಿದ್ದೇನೆ' ಎಂದು ಆಸ್ಪತ್ರೆಗೆ ಸೇರಿಸುವ ದಿನದವರೆಗೂ ಹೇಳುವವರು, ಅಂಥ ಸ್ವಭಾವ. ಇದರ ಮುಂದೆ ಮೀಟರ್ ಹಿಡಿದು ಪ್ರಯೋಜನವಿಲ್ಲ. ಹಾಕಿದ ತಾರೀಖನ್ನು ಸೆಲ್ಲಿನ ಮೇಲೆಯೇ ಬರೆದು, ಅವಧಿ ಮುಗಿಯುವ ಮೊದಲೇ ಬದಲಾಯಿಸುವುದೊಂದೇ ದಾರಿ. ಮೂರನೆಯದು ರಿಸೀವರ್ ಪೆಟ್ಟಿಗೆಯ ಹಿಂದಿರುವ 12 ವೋಲ್ಟಿನ ಸೀಸದ ಬ್ಯಾಟರಿ, ಕರೆಂಟು ಹೋದಾಗ ನೆರವಿಗೆ ನಿಲ್ಲುವಂಥದು. ತುಂಬಿದಾಗ 12.7, ಬರಿದಾದಾಗ 12ಕ್ಕೂ ಕೆಳಗೆ. ಬರಿದಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಇದಕ್ಕೆ ದೊಡ್ಡ ಶತ್ರು ಸೆಕೆ. ತಗಡಿನ ಮಾಡಿನ ಕೋಣೆಯಲ್ಲಿ ಏಪ್ರಿಲ್, ಮೇ ಕಳೆದ ಬ್ಯಾಟರಿ ಜೂನಿಗೆ ಮೊದಲೇ ಮುಪ್ಪಾಗಿರುತ್ತದೆ. ಅದನ್ನು ಈಗ ಮೆಟ್ಟಿಲ ಕೆಳಗಿನ ತಂಪಿಗೆ ಸಾಗಿಸಿದ್ದೇವೆ.

ಸೆಲ್ಲೂ ಸರಿ, ಯಂತ್ರವೂ ಸರಿ, ಆದರೂ ಸುದ್ದಿ ಬಾರದೆ ಹೋಗಬಹುದು. ನಮ್ಮ ಯಂತ್ರಗಳ ರೇಡಿಯೋ ಅಲೆಯ ಉದ್ದ ಸುಮಾರು 70 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮಾರುದ್ದದ ಅರ್ಧಕ್ಕಿಂತ ಕಡಿಮೆ. ಕಬ್ಬಿಣದ ಸರಳು ತುಂಬಿದ ಚಪ್ಪಡಿ, ನೀರಿನ ಟ್ಯಾಂಕು, ತಗಡು ಇವೆಲ್ಲ ಅದಕ್ಕೆ ಅಡ್ಡಗೋಡೆ. ಒಂದು ಬೇಸಿಗೆಯಲ್ಲಿ ಗೇಟಿನ ಪಕ್ಕ ಸ್ಕೂಟರುಗಳಿಗೆಂದು ತಗಡಿನ ಚಪ್ಪರ ಎದ್ದಿತು. ಮರುದಿನದಿಂದ ಹಳ್ಳದ ಸುದ್ದಿ ಹತ್ತಕ್ಕೆ ನಾಲ್ಕು ಬಾರದಾಯಿತು. ಚಪ್ಪರ ಕೀಳಿಸುವ ಅಧಿಕಾರ ನನಗಿಲ್ಲ. ಪೆಟ್ಟಿಗೆಯನ್ನು ಅದೇ ಗೋಡೆಯ ಮೇಲೆ ಒಂದು ಮೊಳ ಮೇಲಕ್ಕೆ, ಒಂದು ಮೊಳ ಪಕ್ಕಕ್ಕೆ ಸರಿಸಿ ನೋಡಿದೆ. ಸರಿಹೋಯಿತು. ತಗಡಿಗೆ ಬಡಿದು ಬಂದ ಅಲೆಯೂ ನೇರವಾಗಿ ಬಂದ ಅಲೆಯೂ ಒಂದು ಜಾಗದಲ್ಲಿ ಪರಸ್ಪರ ಅಳಿಸಿಹಾಕಿದರೆ, ಒಂದು ಮೊಳದಾಚೆ ಒಂದಕ್ಕೊಂದು ಬಲ ಕೊಡುತ್ತವೆ. ಕಾಲೇಜಿನಲ್ಲಿ ಬೆಳಕಿನ ಪಟ್ಟಿಗಳನ್ನು ಎಣಿಸಿ ಪ್ರಾಕ್ಟಿಕಲ್ ಪುಸ್ತಕ ತುಂಬಿಸಿದವರಿಗೆ ಇದು ಹಳೆಯ ಪರಿಚಯ.

ಹೀಗೆ ಒಂದೊಂದೇ ಕಲಿತ ಮೇಲೆ, ತೊಂದರೆ ಬಂದಾಗ ಹುಡುಕುವುದಕ್ಕೆ ಒಂದು ಕ್ರಮ ಸಿದ್ಧವಾಯಿತು. ಫೈಲಿನಲ್ಲಿ ಟಿಪ್ಪಣಿ ಬರೆಯುವ ಕ್ರಮವೇ. ಮೊದಲು ಕೊನೆಯ ಸುದ್ದಿ ಎಷ್ಟು ಗಂಟೆಗೆ ಬಂತೆಂದು ನೋಡುವುದು. ಎರಡೂ ಯಂತ್ರಗಳು ಒಂದೇ ನಿಮಿಷಕ್ಕೆ ಮೂಕವಾಗಿದ್ದರೆ ತೊಂದರೆ ಅವುಗಳಲ್ಲಿಲ್ಲ, ಕೇಳುವ ಪೆಟ್ಟಿಗೆಯಲ್ಲಿದೆ. ಎಷ್ಟೋ ಸಲ ಯಾರೋ ಮೊಬೈಲ್ ಚಾರ್ಜ್ ಮಾಡಲು ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಿರುತ್ತಾರೆ. ಸೀಸದ ಬ್ಯಾಟರಿ ಒಂದು ದಿನ ದೂಡಿ ಆಮೇಲೆ ಕೈಚೆಲ್ಲುತ್ತದೆ. ಒಂದೇ ಯಂತ್ರ ಒಮ್ಮೆಲೇ ನಿಂತಿದ್ದರೆ ಸೆಲ್ಲಿನ ಹಿಡಿ ಸಡಿಲವಾಗಿರಬಹುದು, ಒಳಗೆ ನೀರು ಹೋಗಿರಬಹುದು. ದಿನಕಳೆದಂತೆ ಸುದ್ದಿಗಳ ನಡುವೆ ಅಂತರ ಹೆಚ್ಚುತ್ತ ನಿಂತರೆ ಸೆಲ್ಲು ಇಳಿದಿದೆ. ಸುದ್ದಿ ಬರುತ್ತಿದೆ, ಅಂಕಿ ಮಾತ್ರ ಅಲುಗುವುದಿಲ್ಲ ಎಂದರೆ ಆಲಿಕೆ ಕಟ್ಟಿದೆ, ಇಲ್ಲವೆ ಬಟ್ಟಲಿಗೆ ಇರುವೆ ಮಣ್ಣು ಮೆತ್ತಿದೆ. ಸುಡುಬಿಸಿಲಿನಲ್ಲಿ ಐದು ನಿಮಿಷಕ್ಕೆ ಇಪ್ಪತ್ತು ಮಿಲಿಮೀಟರ್ ಮಳೆ ಎಂದರೆ ಟೆರೇಸಿನ ಟ್ಯಾಂಕು ತೊಳೆಯುವವರು ಪೈಪು ತಿರುಗಿಸಿದ್ದಾರೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಸೆಲ್ಲು, ಜಾಗ, ಸ್ವಿಚ್ಚು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಹೋಗಬಹುದು, ಆದರೆ ಏನು ಕೆಟ್ಟಿತ್ತು ಎಂಬುದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ರಾಮಾಯಣ.

ಸುಳ್ಳು ಸೊನ್ನೆಯಷ್ಟೇ ಕೆಟ್ಟದ್ದು ಸುಳ್ಳು ಕೂಗು. ಒಂದು ಆಗಸ್ಟ್ ನಡುರಾತ್ರಿ ಹಳ್ಳ ತುಂಬಿತೆಂದು ಪೆಟ್ಟಿಗೆ ಬೊಬ್ಬೆ ಹಾಕಿತು. ಜನ ರಾತ್ರಿಯುಡುಪಿನಲ್ಲೇ ಓಡಿಬಂದು ಕಾರು ಹೊರತೆಗೆದರು. ಟಾರ್ಚ್ ಹಾಕಿ ನೋಡಿದರೆ ಹಳ್ಳದಲ್ಲಿ ಮೊಣಕಾಲಷ್ಟು ನೀರು. ಸೆನ್ಸರಿನ ಬಾಯಿಗೆ ತುಸು ಕೆಳಗೆ ಜೇಡವೊಂದು ಬಲೆ ನೇಯ್ದಿತ್ತು. ತುಂತುರು ಹನಿ ಹಿಡಿದ ಬಲೆಗೆ ತಾಗಿ ಸದ್ದು ಬೇಗ ಮರಳಿತ್ತು. ಹದಿನೈದು ದಿನದಲ್ಲಿ ಇನ್ನೊಮ್ಮೆ ಹೀಗೇ ಆಯಿತು. ಮೂರನೆಯ ದಿನ ನೋಡುತ್ತೇನೆ, ಯಾರೋ ಪೆಟ್ಟಿಗೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಎರಡು ಸಲ ಸುಳ್ಳು ಹೇಳಿದ ಯಂತ್ರದ ಮಾತಿಗೆ ಮೂರನೆಯ ಸಲ ಹಾಸಿಗೆ ಬಿಟ್ಟೇಳುವವರು ಯಾರು? ಬಟ್ಟೆ ತೆಗೆದು, ಮಳೆಗಾಲದ ಪ್ರತಿ ಭಾನುವಾರ ಉದ್ದ ಕೋಲಿನ ಪೊರಕೆಯಿಂದ ಸೆನ್ಸರಿನ ಸುತ್ತ ಗುಡಿಸುವ ಪದ್ಧತಿ ಹಾಕಿಕೊಂಡೆವು.

ಇದೆಲ್ಲಕ್ಕೂ ಸಾಕ್ಷಿಯಾಗಿ ಒಂದು ರೂಲು ಪುಸ್ತಕ ಉಂಟು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ವಾಚ್‌ಮನ್ ಅದರಲ್ಲಿ ಬರೆಯುತ್ತಾನೆ. ಆ ಹೊತ್ತು ನಮ್ಮದಲ್ಲ. ಭಾರತ ಹವಾಮಾನ ಇಲಾಖೆ ದೇಶದಲ್ಲೆಲ್ಲ ಒಂದು ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಯಿಂದ ಮರುದಿನದ ಎಂಟೂವರೆಗೆ ಲೆಕ್ಕ ಹಾಕುತ್ತದೆ. ಯಂತ್ರದ ಪಕ್ಕದಲ್ಲೇ ಸೆಲ್ಲೂ ಇಲ್ಲದ, ಅಲೆಯೂ ಇಲ್ಲದ ಒಂದು ಸಾದಾ ಅಳತೆಪಾತ್ರೆ ಇಟ್ಟಿದ್ದೇವೆ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಇದಕ್ಕಿಂತ ಸುಲಭವಾದ ಲೆಕ್ಕವಿಲ್ಲ. ಪಾತ್ರೆಗೂ ಪರದೆಗೂ ಬಹಳ ಅಂತರ ಬಂದರೆ ಪಾತ್ರೆಯ ಮಾತೇ ನಡೆಯುತ್ತದೆ. ವರ್ಷಕ್ಕೊಮ್ಮೆ ಯಂತ್ರಕ್ಕೆ ಪರೀಕ್ಷೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಬಾಟಲಿಯಲ್ಲಿ 200 ಮಿಲಿಲೀಟರ್ ನೀರು ಅಳೆದು, ಹನಿಹನಿಯಾಗಿ ಅರ್ಧ ಗಂಟೆ ಆಲಿಕೆಗೆ ಬಿಡುವುದು. ಬಟ್ಟಲು ಐವತ್ತು ಸಲ ಬಾಗಿ, ಪರದೆ 10 ಮಿಲಿಮೀಟರ್ ತೋರಿಸಬೇಕು. ಒಮ್ಮೆಲೇ ಸುರಿದರೆ ಬಟ್ಟಲು ಬಾಗುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಅಂಕಿ ಕಡಿಮೆ ಬರುತ್ತದೆ. ಬಿರುಮಳೆಯಲ್ಲೂ ಇದೇ ಆಗುವುದರಿಂದ, ಜೋರು ಮಳೆಯ ಅಂಕಿಯನ್ನು ಇದಕ್ಕೆ ಕಡಿಮೆಯಿಲ್ಲ ಎಂದು ಓದಿಕೊಳ್ಳಬೇಕು.

ವಾಚ್‌ಮನ್ನನ ಪುಸ್ತಕದಲ್ಲಿ ನನಗೆ ಮೆಚ್ಚಿಗೆಯಾದದ್ದು ಮಳೆ ಬಾರದ ದಿನಗಳ ಬರಹ. ಅಂಥ ದಿನ ಅವನು ಮರಾಠಿಯಲ್ಲಿ ಎರಡು ಸಾಲು ಬರೆಯುತ್ತಾನೆ: "ಪಾವೂಸ್ ನಾಹೀ. ಮಶೀನ್ ಚಾಲೂ ಆಹೇ." ಮಳೆ ಇಲ್ಲ; ಯಂತ್ರ ನಡೆಯುತ್ತಿದೆ. ಎರಡನೆಯ ಸಾಲನ್ನು ನಾನು ಹೇಳಿಕೊಟ್ಟದ್ದಲ್ಲ.

ನಮ್ಮ ಸೊಸೈಟಿಯ ಈ ಪುಟ್ಟ ಸಂಸಾರದ ಆಚೆಗೂ ಇದೇ ಕಥೆ. ಪುಣೆಯವರಿಗೆ ಶಿವಾಜಿನಗರದ ಸಿಮ್ಲಾ ಆಫೀಸ್ ಚೌಕ ಗೊತ್ತು. 1928ರಲ್ಲಿ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಹೆಸರು. ಪ್ರಧಾನ ಕಚೇರಿ ಆಮೇಲೆ ದೆಹಲಿಗೆ ಹೋದರೂ ಹೆಸರು ಹೋಗಲಿಲ್ಲ. ಒಂದು ಊರಿಗೆ ಒಂದು ಮಳೆಮಾಪಕ ಸಾಲದು ಎಂಬುದನ್ನು ಮುಂಬಯಿಯ ಬಂಧುಗಳು 2005ರ ಜುಲೈ 26ರಂದು ಕಂಡರು. ಅಂದಿನ ಲೆಕ್ಕಕ್ಕೆ ಸಾಂತಾಕ್ರೂಸಿನಲ್ಲಿ 944 ಮಿಲಿಮೀಟರ್, ಅದೇ ನಗರದ ಕೊಲಾಬಾದಲ್ಲಿ 73. ಕೊಲಾಬಾದ ಅಂಕಿ ನೋಡಿ ಅಂಧೇರಿಗೆ ಹೊರಟವನ ಗತಿಯೇನು? ಅದಕ್ಕೇ ಈಗ ನಗರಗಳಲ್ಲೂ ಹಳ್ಳಿಗಳಲ್ಲೂ ಸ್ವಯಂಚಾಲಿತ ಮಳೆಮಾಪಕಗಳನ್ನು ಅಲ್ಲಲ್ಲಿ ನಿಲ್ಲಿಸಿದ್ದಾರೆ. ಪ್ರತಿಯೊಂದಕ್ಕೂ ಒಂದು ಬ್ಯಾಟರಿ, ಒಂದು ಆಲಿಕೆ, ಸುತ್ತ ಬೆಳೆಯುವ ಒಂದು ಮರ. ಬಿಸಿಲಿನಿಂದ ಚಾರ್ಜ್ ಆಗುವಂಥವಾದರೆ, ಎಡೆಬಿಡದ ಮೋಡದ ದಿನಗಳಲ್ಲಿ, ಎಂದರೆ ಬೇಕಾದ ದಿನಗಳಲ್ಲೇ, ಅವಕ್ಕೆ ಊಟ ಕಡಿಮೆ. ಪ್ರತಿಯೊಂದರ ಹಿಂದೆಯೂ ಏಣಿ ಹತ್ತಿ ಎಲೆ ತೆಗೆಯುವ ಒಬ್ಬ ಮನುಷ್ಯ ಇರಲೇಬೇಕು.

ಸುದ್ದಿ ಕಳುಹಿಸುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಮಾಳೀಣ್ ಗ್ರಾಮವನ್ನು ನೆನೆಯಬೇಕು. 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಕುಸಿದು ಊರಿನ ಬಹುಭಾಗವನ್ನು ಮುಚ್ಚಿತು. ನೂರೈವತ್ತರಷ್ಟು ಜನ ಹೋದರು. ಹೊರಗಿನವರಿಗೆ ತಿಳಿದದ್ದು, ಆ ದಾರಿಯ ಎಸ್.ಟಿ. ಬಸ್ಸಿನ ಚಾಲಕ ಬಂದು ನೋಡಿ, ಊರು ಇದ್ದ ಜಾಗದಲ್ಲಿ ಊರಿಲ್ಲದ್ದನ್ನು ಹೇಳಿದ ಮೇಲೆ. ಅಷ್ಟು ಹೊತ್ತು ಮಾಳೀಣದಿಂದ ಯಾವ ಕೆಟ್ಟ ಸುದ್ದಿಯೂ ಬಂದಿರಲಿಲ್ಲ.

ಪರವೂರಿನಲ್ಲಿರುವ ನಮ್ಮಂಥವರಿಗೆ ಸುದ್ದಿ ಇಲ್ಲದಿರುವುದರ ಭಾರ ಹೊಸತಲ್ಲ. ನನ್ನ ಊರು ತೀರ್ಥಹಳ್ಳಿಯ ಕಡೆ. ಹಳ್ಳದಾಚೆ ಅಡಿಕೆ ತೋಟ, ಅದರ ಮೇಲಿನ ದಿಬ್ಬದಲ್ಲಿ ಮನೆ. ಅಮ್ಮ ಮತ್ತು ಅಣ್ಣನ ಸಂಸಾರ ಅಲ್ಲಿದೆ. 2019ರ ಆಗಸ್ಟಿನಲ್ಲಿ ಮಲೆನಾಡಿನಲ್ಲೂ ಸಾಂಗ್ಲಿ ಕೊಲ್ಹಾಪುರದಲ್ಲೂ ಒಂದೇ ವಾರ ಮಳೆ ಹೊಡೆದು, ಕೊಲ್ಹಾಪುರದ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂದು, ಪುಣೆಯಿಂದ ಬೆಂಗಳೂರಿನ ದಾರಿ ದಿನಗಟ್ಟಲೆ ಮುಚ್ಚಿತ್ತಷ್ಟೆ? ಆಗ ಮೂರು ದಿನ ನಮ್ಮ ಮನೆಯ ಫೋನು ಮೂಕವಾಗಿತ್ತು. ಕಾರಣ ಏನೆಂದು ನನಗೆ ಕೂತಲ್ಲೇ ಗೊತ್ತಿತ್ತು. ಮೊಬೈಲ್ ಗೋಪುರವೂ ಕರೆಂಟು ಹೋದಾಗ ಬ್ಯಾಟರಿಯ ಮೇಲೆ ನಿಲ್ಲುವ ಯಂತ್ರವೇ. ಮರ ಬಿದ್ದು ತಂತಿ ಹರಿದಿದೆ, ಬ್ಯಾಟರಿ ಬರಿದಾಗಿದೆ, ಡೀಸೆಲ್ ಒಯ್ಯಲು ರಸ್ತೆಯಿಲ್ಲ. ಇಷ್ಟು ತರ್ಕ ತಲೆಗೆ ಹೊಳೆದರೂ ಎದೆಗೆ ಇಳಿಯಲಿಲ್ಲ. ದಿಬ್ಬದ ಮನೆಯಲ್ಲಿ ಎಲ್ಲ ಸರಿಯಿದ್ದರೂ ಇದೇ ಮೌನ, ದಿಬ್ಬವೇ ಜರಿದಿದ್ದರೂ ಇದೇ ಮೌನ. ಮೂರನೆಯ ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಶಿವಮೊಗ್ಗಕ್ಕೆ ಜೀಪಿನಲ್ಲಿ ಬಂದ ಯಾರೋ ಪುಣ್ಯವಂತರು ಅಣ್ಣ ಕೊಟ್ಟ ಚೀಟಿಯನ್ನು ಓದಿದರು: "ಎಲ್ಲ ಆರಾಮ. ಸಂಕ ಹೋಗಿದೆ. ಮನೆಗೆ ಏನೂ ಆಗಿಲ್ಲ." ನನ್ನ ಹೆಂಡತಿ ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು.

ದಸರೆಗೆ ಊರಿಗೆ ಹೋದಾಗ ಅಣ್ಣನೂ ನಾನೂ ಕೂತು ಒಂದು ಏರ್ಪಾಟು ಮಾಡಿದೆವು. ರಾತ್ರಿ ಎಂಟಕ್ಕೆ ಅಮ್ಮ ಒಂದು ಮಿಸ್ಡ್ ಕಾಲ್ ಕೊಡುವುದು. ವಿಶೇಷವಿದ್ದರೆ ಮಾತು, ಇಲ್ಲವಾದರೆ ಎರಡು ಸಲ ರಿಂಗಾಗಿ ನಿಲ್ಲುವುದು. "ದಿನಾ ಏನಂತ ಮಾಡ್ಲಿ? ಹೇಳುಕೆ ಏನೂ ಇಲ್ದೆ?" ಎಂದು ಅಮ್ಮ ಕೇಳಿದಳು. "ಏನೂ ಇಲ್ಲ ಅಂತ ಹೇಳುದಕ್ಕೇ ಅಮ್ಮ" ಎಂದೆ. ಅಣ್ಣ ನಕ್ಕು, "ಇವ ಮನೆಗೂ ಆಫೀಸ್ ತಂದ ಮಾರಾಯ್ತಿ" ಎಂದು ಅತ್ತಿಗೆಯ ಕಡೆ ನೋಡಿದ. ಈಗ ಮಾತಾಡಿದರೂ ಬೇರೆ ಹಣ ಹೋಗುವುದಿಲ್ಲವೆಂದು ಎಷ್ಟು ಹೇಳಿದರೂ ಅಮ್ಮ ಎರಡನೆಯ ರಿಂಗಿಗೆ ಇಡುತ್ತಾಳೆ. ಎಂಟೂವರೆವರೆಗೆ ಬಾರದಿದ್ದರೆ ನಾನು ಅಣ್ಣನಿಗೆ, ಅವನು ಸಿಗದಿದ್ದರೆ ಪೇಟೆಯ ಹಾಲಿನ ಡೇರಿಯವರಿಗೆ. ಮಳೆಗಾಲಕ್ಕೆಂದು ಚಾರ್ಜ್ ತುಂಬಿದ ಇನ್ನೊಂದು ಗುಂಡಿಯ ಫೋನು ದೇವರ ಗೂಡಿನ ಪಕ್ಕದಲ್ಲಿದೆ. ಗೋಪುರವೇ ನಿಂತಾಗ ಇದ್ಯಾವುದೂ ನಡೆಯದು ಎಂಬುದು ನಿಜ. ಆದರೂ ಹಿಂದಿನ ರಾತ್ರಿ ಎಂಟರವರೆಗೆ ಎಲ್ಲ ಸರಿಯಿತ್ತು ಎಂಬಷ್ಟು ಗೊತ್ತಿರುತ್ತದೆ. ಹುಡುಕಬೇಕಾದದ್ದು ಅಲ್ಲಿಂದೀಚೆಗೆ ಮಾತ್ರ.

2024ರ ಜುಲೈ 24ರ ರಾತ್ರಿ ಪುಣೆಯಲ್ಲಿ ಸುರಿದ ಮಳೆ, ಮರುದಿನ ಸಿಂಹಗಡ ರಸ್ತೆಯ ಕಡೆ ಮನೆಗಳಿಗೆ ನುಗ್ಗಿದ ನೀರು ಓದುಗರ ನೆನಪಿನಲ್ಲಿರಬಹುದು. ಅಂದು ನಮ್ಮ ಹಳ್ಳವೂ ಏರಿತು. ಕರೆಂಟು ಹೋಗಿತ್ತು, ಮೆಟ್ಟಿಲ ಕೆಳಗಿನ ಬ್ಯಾಟರಿ ಪೆಟ್ಟಿಗೆಯನ್ನು ನಡೆಸುತ್ತಿತ್ತು. ಬೆಳಗಿನ ಜಾವ ನೀರು ಸೇತುವೆಗೆ ಒಂದು ಮೀಟರ್ ಕೆಳಗೆ ಬಂದಾಗ ಗಂಟೆ ಹೊಡೆಯಿತು. ಈ ಸಲ ಯಾರೂ ಬೈಯಲಿಲ್ಲ. ಕೆಳಮನೆಯ ನಡೆಯಲಾಗದ ಅಜ್ಜನನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಮೊದಲ ಮಹಡಿಗೆ ಸಾಗಿಸಿದರು. ಮುಕ್ಕಾಲು ಗಂಟೆಯ ಮೇಲೆ ಪಾರ್ಕಿಂಗಿಗೆ ನೀರು ಬಂತು, ಅಲ್ಲಿ ಆಗ ಒಂದು ಕಾರೂ ಇರಲಿಲ್ಲ. ಹಳ್ಳದ ಸೆನ್ಸರಿಗೆ ಹೊಸ ಸೆಲ್ಲು ಬಿದ್ದು ಆಗ ಏಳು ವಾರವಾಗಿತ್ತು.

ಏಳು ವಾರ ಎಂದೆ, ಏಕೆಂದರೆ ಸೆಲ್ಲು ಬದಲಾಯಿಸುವುದಕ್ಕೆ ನಮ್ಮಲ್ಲಿ ಗೊತ್ತಾದ ದಿನ ಉಂಟು. ಮೃಗಶಿರಾ ಮಳೆ ಹುಟ್ಟುವ ಹಿಂದಿನ ಭಾನುವಾರ, ಎಂದರೆ ಜೂನ್ ಮೊದಲ ವಾರ. ಇಲ್ಲಿಯ ಜನರಿಗೂ 'ಮೃಗ್' ಎಂದರೆ ಮಳೆಯ ಬಾಗಿಲು. ಮೀಟರ್ ಏನೇ ತೋರಿಸಲಿ, ಅಂದು ಹಳೆಯ ಸೆಲ್ಲು ಹೊರಗೆ. ಅವು ಮನೆಯ ಗಡಿಯಾರಗಳಿಗೆ ಹೋಗುತ್ತವೆ, ಗಡಿಯಾರ ನಿಂತರೆ ಯಾರೂ ಮುಳುಗುವುದಿಲ್ಲ. ಆಲಿಕೆ ತೊಳೆಯುವುದು, ಬಾಟಲಿಯ ನೀರಿನ ಪರೀಕ್ಷೆ, ಸೆನ್ಸರಿನ ಸುತ್ತ ಗುಡಿಸುವುದು, ಒಂದು ಯಂತ್ರದ ಸೆಲ್ಲನ್ನು ಬೇಕೆಂದೇ ಕಿತ್ತು ಪರದೆಯ ಮೇಲೆ ಅಡ್ಡಗೆರೆ ಬರುತ್ತದೆಯೇ ಎಂದು ನೋಡುವುದು. ಇಷ್ಟಕ್ಕೆ ಒಂದು ಬೆಳಗು ಸಾಕು. ಖರ್ಚು ನಾಲ್ಕು ಮಸಾಲೆದೋಸೆಗಿಂತ ಬಹಳ ಹೆಚ್ಚೇನೂ ಅಲ್ಲ, ಲಿಥಿಯಂ ಸೆಲ್ಲು ಬದಲಾಯಿಸುವ ವರ್ಷ ಮಾತ್ರ ಸ್ವಲ್ಪ ಕೈಬಿಗಿ.

ಕೇಂದ್ರ ಸರ್ಕಾರದ ಕೆಲಸದವರಿಗೆ ವರ್ಗದ ಆಜ್ಞೆ ಯಾವಾಗ ಬೇಕಾದರೂ ಬರಬಹುದು. ಆದ್ದರಿಂದ ಚಾರ್ಜ್ ಕೊಡುವ ಪಟ್ಟಿಯನ್ನು ಈಗಲೇ ಬರೆದು ರೂಲು ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ್ದೇನೆ. ಯಾವ ಸೆಲ್ಲು, ಯಾವ ತಾರೀಖು, ಏಣಿ ಎಲ್ಲಿದೆ, ಪೊರಕೆ ಎಲ್ಲಿದೆ, ಗುಲ್‌ಮೊಹರ್ ಎಲೆ ಉದುರುವುದು ಯಾವಾಗ ಎಂಬುದೂ ಅದರಲ್ಲಿದೆ. ಎರಡನೆಯ ಮಹಡಿಯ ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಕಳೆದ ಮೃಗಶಿರೆಗೆ ನನ್ನ ಜೊತೆ ಟೆರೇಸಿಗೆ ಬಂದು ಐವತ್ತು ಬಾಗನ್ನು ತಪ್ಪದೆ ಎಣಿಸಿದಳು. ನಲವತ್ತೊಂಬತ್ತಕ್ಕೆ ನೀರು ಮುಗಿದಾಗ, ಆಲಿಕೆಗೆ ಅಂಟಿದ ತೇವದಲ್ಲಿ ಉಳಿದ ಹನಿಗಳನ್ನು ಬೆರಳಿನಿಂದ ಸವರಿ ಇಳಿಸಿ, ಐವತ್ತನೆಯದು ಬಾಗುವವರೆಗೆ ಕಾದಳು. ಮುಂದಿನ ಉಸ್ತುವಾರಿ ಯಾರದೆಂದು ಕಮಿಟಿ ಕೇಳಿದರೆ ಹೇಳಲು ನನ್ನಲ್ಲಿ ಒಂದು ಹೆಸರಿದೆ.